ಎರಡು ಹಾಡುಗಳ ನಡುವೆ ಚಪ್ಪಲಿ ಸದ್ದು

ಆ ರೇಡಿಯೋ ಸ್ಟೇಷನ್ನಿನಲ್ಲಿ ಹಾಡಿನ ತಟ್ಟೆ ತಿರುಗಿಸುವ ಯಂತ್ರ ಎರಡಿದ್ದವು. ಒಂದು ತಿರುಗುತ್ತಿತ್ತು. ಇನ್ನೊಂದು ಹನ್ನೊಂದು ವರ್ಷದಿಂದ ಬಟ್ಟೆ ಹೊದ್ದು ಮಲಗಿತ್ತು, ಅದರ ಬೆನ್ನ ಮೇಲೆ ಟೀ ಲೋಟ ಇಡುತ್ತಿದ್ದರು. ರಿಪೇರಿ ಮಾಡಿಸಿ ಸಾರ್ ಅಂತ ಯಾರಾದರೂ ಬಾಯಿ ಬಿಟ್ಟರೆ ಯಜಮಾನರು, ಜನ ಒಂದು ಸಲಕ್ಕೆ ಒಂದೇ ಹಾಡು ತಾನೇ ಕೇಳೋದು, ಎರಡು ಯಂತ್ರ ಯಾಕೆ ಅಂತ ತಿರುಗಿ ಕೇಳುತ್ತಿದ್ದರು. ಸಿಮೆಂಟಿನ ಚರಂಡಿ ಪೈಪು ಮಾಡಿ ದುಡ್ಡು ಕಂಡವರು ಅವರು. ಪೈಪಿನಿಂದ ದುಡ್ಡು ಬಂತು, ಹೆಸರು ಬರಲಿಲ್ಲ ಅಂತ ರೇಡಿಯೋ ಇಟ್ಟಿದ್ದರು.

ಒಂದೇ ಯಂತ್ರ ಅಂದಮೇಲೆ ಒಂದು ಹಾಡು ಮುಗಿದು ಇನ್ನೊಂದು ಶುರುವಾಗುವುದಕ್ಕೆ ಹೊತ್ತು ಬೇಕು. ಅದರ ಮೇಲೆ ಯಜಮಾನರ ಒಂದು ಕಾನೂನು ಬೇರೆ. ಹಿಂದೊಮ್ಮೆ ಮೈಕಿನಲ್ಲಿ ಹಾಡಿನ ಹೆಸರು ಹೇಳುವಾತ, ಊರೆಲ್ಲ ಜೇನುಗಂಟಲು ಅಂತ ಕರೆಯುವ ದಪ್ಪ ಮನುಷ್ಯ, ಕುರ್ಚಿಯ ಮೇಲೆ ಪೇರಿಸಿಟ್ಟಿದ್ದ ಏಳು ತಟ್ಟೆಗಳ ಮೇಲೆ ನೋಡದೆ ಕೂತುಬಿಟ್ಟಿದ್ದ. ಏಳು ತಟ್ಟೆ ಹೋದವು, ಒಂದು ಪ್ಯಾಂಟೂ ಹೋಯಿತು. ಅವತ್ತಿನಿಂದ ತಟ್ಟೆಗಳನ್ನೆಲ್ಲ ಮೊಗಸಾಲೆಯ ಆ ಕೊನೆಯ ಕೋಣೆಯಲ್ಲಿಟ್ಟು ಬೀಗ ಹಾಕಿ, ಒಂದು ತಟ್ಟೆ ವಾಪಸು ಬಂದು ಪುಸ್ತಕದಲ್ಲಿ ಬರೆದ ಮೇಲೆಯೇ ಇನ್ನೊಂದು ಹೊರಗೆ ಹೋಗಬೇಕು ಅಂತಾಯಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಅನ್ನುವುದು ಇದನ್ನೇ. ತಪ್ಪು ಮಾಡಿದ್ದು ಅವನ ಅಂಡು, ಶಿಕ್ಷೆ ಬಿದ್ದದ್ದು ರೆಕಾರ್ಡಮ್ಮನ ಕಾಲಿಗೆ.

ರೆಕಾರ್ಡಮ್ಮ ಅಂದರೆ ತಟ್ಟೆಗಳನ್ನು ಕಾಯುವವಳು. ಹೋಗಲು ಹದಿನೆಂಟು ಹೆಜ್ಜೆ, ಬರಲು ಹದಿನೆಂಟು ಹೆಜ್ಜೆ, ನಡುವೆ ಪುಸ್ತಕದಲ್ಲಿ ಒಂದು ಸಾಲು. ಗಂಡ ಲಾರಿ ಓಡಿಸುವವನು, ತಿಂಗಳಲ್ಲಿ ಎಂಟು ದಿನ ಮನೆಯಲ್ಲಿದ್ದರೆ ಹೆಚ್ಚು. ಮನೆಯಲ್ಲಿ ಅತ್ತೆ, ಮಾವ. ಅವಳ ಎಡಗಾಲಿನ ಚಪ್ಪಲಿಯ ಬಾರು ಸಡಿಲ. ಹಾಗಾಗಿ ಅವಳ ನಡಿಗೆಗೆ ಒಂದು ತಾಳವಿತ್ತು: ಟಪ್-ಚರ್, ಟಪ್-ಚರ್. ಹಾಡು ನಿಂತ ಕೂಡಲೇ ಮೈಕು ತಾನಾಗಿ ತೆರೆದುಕೊಳ್ಳುತ್ತಿತ್ತು, ಮುಚ್ಚುವ ಗುಂಡಿ ಕೆಟ್ಟು ಕೂತಿತ್ತು. ಅದಕ್ಕೇ ಜೇನುಗಂಟಲು ಆ ಹೊತ್ತಿನಲ್ಲಿ ಬಿಸ್ಕತ್ತನ್ನು ಟೀಯಲ್ಲಿ ನೆನೆಸಿ, ಸದ್ದಾಗದಂತೆ ನುಂಗುವ ವಿದ್ಯೆ ಕಲಿತಿದ್ದ. ಸ್ಟೇಷನ್ನಿನವರೆಲ್ಲ ಉಸಿರು ಬಿಗಿ ಹಿಡಿದು ಕೂರುತ್ತಿದ್ದರು. ಅವಳು ಮಾತ್ರ ನಡೆಯುತ್ತಿದ್ದಳು.

ಆ ಖಾಲಿ ಹೊತ್ತು ಅಂದರೆ ಅವಳಿಗೆ ನಾಚಿಕೆ. ನನ್ನಿಂದಲೇ ಸ್ಟೇಷನ್ನಿನ ಮಾನ ಹೋಗುತ್ತಿದೆ ಅಂತ ಹನ್ನೊಂದು ವರ್ಷ ಬೇಗ ಬೇಗ ನಡೆದಿದ್ದಳು. ಹನ್ನೊಂದು ವರ್ಷವೂ ಹಂಗಾಮಿ ಕೆಲಸದವಳು. ಯಂತ್ರ ರಿಪೇರಿ ಆಗುವವರೆಗೆ ಅಂತ ಸೇರಿಸಿಕೊಂಡವರು, ಅತ್ತ ಯಂತ್ರವನ್ನೂ ರಿಪೇರಿ ಮಾಡಿಸಲಿಲ್ಲ, ಇತ್ತ ಇವಳನ್ನೂ ಕಾಯಂ ಮಾಡಲಿಲ್ಲ. ಕೆಟ್ಟ ಯಂತ್ರಕ್ಕಾದರೂ ಹೊದೆಯಲು ಒಂದು ಬಟ್ಟೆ ಕೊಟ್ಟಿದ್ದರು.

ಜೇಬಿಗೊಂದು ಫೋನು ಇನ್ನೂ ಬಂದಿರದ ಕಾಲ. ಆದರೂ ದೊಡ್ಡ ಊರಿನ ಎರಡು ಸ್ಟೇಷನ್ನುಗಳು ಇಲ್ಲಿಯವರೆಗೂ ಕೇಳತೊಡಗಿ, ಜಾಹೀರಾತು ಕೊಡುವವರು ಒಬ್ಬೊಬ್ಬರಾಗಿ ಅತ್ತ ಜಾರಿದರು. ಕೊನೆಗೆ ಹಲ್ಲುಪುಡಿಯವನೂ ಹೋದ ದಿನ ಯಜಮಾನರು ಒಬ್ಬ ಸಲಹೆಗಾರನನ್ನು ಕರೆತಂದರು. ಕೆಲಸ ಮಾಡುವವರು ಹನ್ನೊಂದು ವರ್ಷ ಹೇಳಿದರೆ ಕಿವಿಗೆ ಹೋಗದ ಮಾತು, ಕಪ್ಪು ಪೆಟ್ಟಿಗೆ ಹಿಡಿದವನೊಬ್ಬ ಕಾರಿನಿಂದಿಳಿದು ಹೇಳಿದರೆ ಮಂತ್ರವಾಗುತ್ತದೆ. ಈ ಸಲಹೆಗಾರ ಕತ್ತಿಗೆ ಒಂದು ಸ್ಟಾಪ್ ವಾಚು ನೇತುಹಾಕಿಕೊಂಡಿದ್ದ. ಒಂದು ಹಾಡು ಮುಗಿಯಿತು. ಅವನು ಗುಂಡಿ ಒತ್ತಿದ. ರೆಕಾರ್ಡಮ್ಮ ಹೋದಳು, ಬರೆದಳು, ಬಂದಳು. ಅವನು ಮತ್ತೆ ಒತ್ತಿದ.

"ನಲವತ್ತು ಸೆಕೆಂಡು," ಅಂದ. "ಇದು ರೇಡಿಯೋನೋ, ಸಂತಾಪ ಸಭೆಯೋ?"

ರೋಗ ಎರಡು ಅಂತ ಅವನು ಲೆಕ್ಕ ಹಾಕಿದ. ಒಂದು, ಈ ನಲವತ್ತು ಸೆಕೆಂಡು. ಇನ್ನೊಂದು, ಈ ಸ್ಟೇಷನ್ನಿಗೆ ಫಾರ್ಮ್ಯಾಟು ಇಲ್ಲ. ಫಾರ್ಮ್ಯಾಟು ಅಂದರೆ ಏನು ಅಂತ ಜೇನುಗಂಟಲು ಕೇಳಿದ. ಬಟ್ಟೆ ಅಂಗಡಿಯಲ್ಲಿ ಬಟ್ಟೆ ಮಾತ್ರ ಮಾರುತ್ತಾರೆ, ನೀವು ಬಟ್ಟೆ, ಸೀಮೆಎಣ್ಣೆ, ಹಸುವಿನ ಕರು ಎಲ್ಲವನ್ನೂ ಒಂದೇ ಕಡೆ ಇಟ್ಟುಕೊಂಡು ಕೂತಿದ್ದೀರಿ, ಒಂದೇ ಜಾತಿಯ ಹಾಡು ಹಿಡಿಯಿರಿ, ಬೆಳಗಿನಿಂದ ಸಂಜೆಯವರೆಗೆ ಅದನ್ನೇ ಹಾಕಿ, ಅಂದ.

ಅಲ್ಲಿಗೆ ಶುರುವಾಯಿತು ನೋಡಿ. ಜೇನುಗಂಟಲಿಗೆ ಅಳುವ ಹಾಡು ಬೇಕು, ಅಳುವ ಹಾಡಿನ ಮುಂಚೆ ತನ್ನ ಗಂಟಲು ಅರಳುತ್ತದೆ ಅಂತ ಅವನ ನಂಬಿಕೆ. ಯಜಮಾನರಿಗೆ ಬ್ಯಾಂಡ್ ಸೆಟ್ಟು ಬೇಕು, ಶಾಲೆಯಲ್ಲಿ ತಾಳ ಬಡಿದವರು ಅವರು, ಬಡಿದದ್ದು ಇನ್ನೂ ನಿಂತಿರಲಿಲ್ಲ. ಯಜಮಾನರ ಹೆಂಡತಿ ಮನೆಯಿಂದಲೇ ಪ್ರೇಮಗೀತೆ ಅಂತ ಹೇಳಿ ಕಳಿಸಿದರು. ಸಲಹೆಗಾರನಿಗೆ ಕುಣಿಯುವ ಹಾಡು. ಅಜ್ಜಿಗೆ ಅರಿವೆ ಚಿಂತೆ, ಮಗಳಿಗೆ ಗಂಡನ ಚಿಂತೆ ಅನ್ನುವಂತೆ ನಾಲ್ವರೂ ನಾಲ್ಕು ಕಡೆ ಎಳೆದರು. ತಟ್ಟೆಗಳನ್ನು ಹನ್ನೊಂದು ವರ್ಷ ಎತ್ತಿ ಇಳಿಸಿದವಳನ್ನು ಯಾರೂ ಕೇಳಲಿಲ್ಲ. ಅವಳು ಟೀ ಲೋಟ ಎತ್ತಿದಳು.

ಕೊನೆಗೆ ತೀರ್ಮಾನ ಆದದ್ದು ಹೀಗೆ. ದಿನಕ್ಕೊಂದು ಜಾತಿಯ ಹಾಡು, ನಾಲ್ಕು ದಿನ. ಯಾವ ದಿನ ಹೆಚ್ಚು ಫೋನು ಬರುತ್ತದೋ ಅದೇ ಫಾರ್ಮ್ಯಾಟು. ಸಲಹೆಗಾರ ತಂದಿರುವ ಟೇಪಿನ ಯಂತ್ರ ಹಾಡಿಗೆ ಹಾಡು ಅಂಟಿಸಿ ಒಂದೇ ಸಮನೆ ಹಾಕುತ್ತದೆ. ತಟ್ಟೆ ಬೇಡ, ನಡಿಗೆ ಬೇಡ. ರೆಕಾರ್ಡಮ್ಮ ವಾರದ ಕೊನೆಯವರೆಗೆ ಫೋನಿನ ಮುಂದೆ ಕೂತು ಬಂದ ಕರೆ ಬರೆದಿಟ್ಟುಕೊಳ್ಳಲಿ, ಶನಿವಾರ ಸಂಜೆ ಮನೆಗೆ ಹೋಗಲಿ. ಸೋಮವಾರ ಬರುವುದು ಬೇಡ.

"ಬೇಜಾರು ಮಾಡ್ಕೋಬೇಡಮ್ಮ," ಅಂದರು ಯಜಮಾನರು. "ನೀನು ನಮ್ಮ ಮನೆಯವಳಿದ್ದ ಹಾಗೆ."

ಯಜಮಾನರಾದವರು ಈ ಮಾತನ್ನು ಯಾವಾಗಲೂ ಮನೆಯಿಂದ ಹೊರಗೆ ಹಾಕುವ ದಿನವೇ ಹೇಳುತ್ತಾರೆ. ಅವಳು ತಲೆಯಾಡಿಸಿ, ಫೋನಿನ ಮೇಲಿದ್ದ ಧೂಳು ಒರೆಸಿದಳು. ಆ ಫೋನು ಸದ್ದು ಮಾಡಿ ತಿಂಗಳುಗಳಾಗಿದ್ದವು.

ಸೋಮವಾರ ಅಳುವ ಹಾಡುಗಳ ದಿನ. ಏಳೂಕಾಲಿಗೆ ಫೋನು ಬಡಿದುಕೊಂಡಿತು. ಬೇಕರಿಯವನು.

"ಅಮ್ಮಾ, ಅದು ಯಾವಾಗ ಬರುತ್ತೆ?"

ಯಾವುದು ಅಂತ ಇವಳು ಕೇಳಿದರೆ, ಅದೇ ಅಮ್ಮಾ, ಅದು, ಅಂತ ಅವನು ಗಂಟಲು ಸರಿ ಮಾಡಿಕೊಂಡ. ಎರಡು ತಟ್ಟೆ ಬನ್ನು ಕರಿ ಇದ್ದಿಲಾಯಿತು, ಬೇಗ ಹಾಕಿ ಅಂತ ಹೇಳಿ ಫೋನು ಇಟ್ಟ. ಅವಳು ಇದ್ದದ್ದು ಇದ್ದ ಹಾಗೆ ಬರೆದುಕೊಂಡಳು. ಹಿಂದಿನಿಂದ ಬಗ್ಗಿ ನೋಡಿದ ಸಲಹೆಗಾರ, ಓದುವ ಗೋಜಿಗೆ ಹೋಗದೆ ತನ್ನ ಹಾಳೆಯಲ್ಲಿ ಒಂದು ಗೀಟು ಎಳೆದ.

ಆಮೇಲೆ ಕ್ಷೌರದಂಗಡಿಯವನು. ನಾಲ್ಕು ಜನ ಸಾಬೂನು ಹಚ್ಚಿಕೊಂಡು ಕೂತಿದ್ದಾರೆ, ಯಾರ ಕತ್ತಿಗೆ ಕೈ ಹಾಕಲಿ ಹೇಳಿ, ಅಂದ. ಆಮೇಲೆ ಶಾಲೆಯ ಲೆಕ್ಕದ ಮೇಷ್ಟರ ಹೆಂಡತಿ. ಆಮೇಲೆ ಟೈಲರು: ಬೆಳಗಿನಿಂದ ಸೂಜಿಗೆ ದಾರ ಪೋಣಿಸಲು ಆಗಿಲ್ಲ. ಎಲ್ಲರೂ ‘ಅದು’ ಅನ್ನುವವರೇ, ಏನು ಅಂತ ಬಿಡಿಸಿ ಹೇಳುವವರಿಲ್ಲ, ಅವಳೆದುರು ಹೇಳಲು ನಾಚಿಕೆಯೋ ಏನೋ. ಸಂಜೆಯ ಹೊತ್ತಿಗೆ ಅರವತ್ತೊಂದು ಕರೆ. ಅಳುವ ಹಾಡು ಗೆದ್ದಿತು ಅಂತ ಜೇನುಗಂಟಲು ನಿಜವಾಗಿಯೂ ಅತ್ತ.

ಮಂಗಳವಾರ ಬ್ಯಾಂಡ್ ಸೆಟ್ಟು, ಎಪ್ಪತ್ತಾರು ಕರೆ. ಯಜಮಾನರು ಎದೆ ಸೆಟೆಸಿ ಮೊಗಸಾಲೆಯಲ್ಲಿ ಹೆಜ್ಜೆ ಹಾಕಿದರು. ಬುಧವಾರ ಪ್ರೇಮಗೀತೆ, ಎಂಬತ್ತೈದು. ಮಧ್ಯಾಹ್ನ ಬಂದ ಒಂದು ಕರೆಯಲ್ಲಿ ಯಾರೋ ಮೂಗು ಹಿಡಿದುಕೊಂಡು ಮಾತಾಡುತ್ತಿದ್ದರು.

"ಹಲೋ, ನಾನೊಬ್ಬಳು ಅಭಿಮಾನಿ. ಮೂರು ದಿನದಿಂದ ಮನೆಯಲ್ಲಿ ಬಾಯಿ ಬಿಟ್ಟಿಲ್ಲ. ಹೀಗೇ ಆದ್ರೆ ನನ್ನ ಹೊಟ್ಟೆ ಒಡೆದುಹೋಗುತ್ತೆ ಅಂತ ನಿಮ್ಮ ಯಜಮಾನರಿಗೆ ಹೇಳು."

"ಅತ್ತೆ?" ಅಂದಳು ರೆಕಾರ್ಡಮ್ಮ.

ಆ ಕಡೆ ಮೂಗು ಇನ್ನಷ್ಟು ಬಿಗಿಯಾಯಿತು.

"ನಾನು ನಿಮ್ಮತ್ತೆ ಅಲ್ಲ," ಅಂತು ಮೂಗು. "ಬರೋವಾಗ ಸೋಪು ತಗೊಂಡು ಬಾ."

ಸಂಜೆ ಸೋಪು ಹಿಡಿದು ಮನೆಗೆ ಹೋದಳು. ಮಾವ ಎಂದಿನಂತೆ ರೇಡಿಯೋ ಪೆಟ್ಟಿಗೆಯ ಬಾಯಿಗೆ ಕಿವಿ ಕೊಟ್ಟು ಕೂತಿದ್ದರು. ಅತ್ತೆ ಸೊಸೆಯ ಕೈ ಹಿಡಿದು ಹಿತ್ತಲಿಗೆ ಎಳೆದುಕೊಂಡು ಹೋಗಿ ತುಂಬಿದ ಕೊಡ ಬಗ್ಗಿಸಿದ ಹಾಗೆ ಸುರಿದುಬಿಟ್ಟರು. ಹಾಡು ಬರುತ್ತಿರುವಾಗ ಈ ಮನುಷ್ಯನ ಮುಂದೆ ಉಸಿರೆತ್ತುವ ಹಾಗಿಲ್ಲ, ಎತ್ತಿದರೆ ಕಣ್ಣು ಕೆಂಪು. ಹಾಡು ನಿಂತಾಗ ಎಷ್ಟು ಹೊತ್ತು ಸಿಗುತ್ತದೋ ಅಷ್ಟರಲ್ಲೇ ಅತ್ತೆಯ ಸಂಸಾರ. ಮಗನಿಗೆ ಹೆಣ್ಣು ನೋಡಿದ ಮಾತು ಆಡಿದ್ದು ಅಲ್ಲೇ, ಮನೆಗೆ ಹೆಂಚು ಹಾಕಿಸಿ ಅಂತ ಜಗಳ ಹೂಡಿ ಗೆದ್ದದ್ದೂ ಅಲ್ಲೇ, ಒಂದೊಂದು ಹಾಡಿನ ಸಂದಿಗೆ ಒಂದೊಂದು ಮಾತಿನಂತೆ ಹದಿನೇಳು ದಿನ.

"ನಿನ್ನ ಚಪ್ಪಲಿ ಕೇಳಿಸ್ತಾ ಇರುತ್ತಲ್ಲ," ಅಂದರು ಅತ್ತೆ. "ದೂರ ಹೋಗೋವಾಗ ಟಪ್-ಚರ್ ಸಣ್ಣಗಾಗುತ್ತೆ, ಆಗ ಬೈಗುಳ ಶುರು ಮಾಡ್ತೀನಿ. ಹತ್ರ ಬರ್ತಾ ಬರ್ತಾ ಜೋರಾಗುತ್ತೆ, ಆಗ ಮುಗಿಸ್ತೀನಿ. ಊರೆಲ್ಲ ಹಾಗೇ ತಾನೇ. ಬೇಕರಿಯವನು ಬನ್ನಿನ ತಟ್ಟೆ ತಿರುಗಿಸೋದು, ಟೈಲರು ದಾರ ಹಾಕೋದು, ಎಲ್ಲಾ ನಿನ್ನ ಚಪ್ಪಲಿ ಮೇಲೆ. ಯಾಕೆ, ನಿನಗೆ ಯಾರೂ ಹೇಳಿರಲಿಲ್ವಾ?"

ಯಾರೂ ಹೇಳಿರಲಿಲ್ಲ. ಹನ್ನೊಂದು ವರ್ಷ ಅವಳು ನಾಚಿಕೊಂಡು ನಡೆದಿದ್ದಳು, ಊರು ಅವಳ ಮೇಲೆ ಬದುಕು ಕಟ್ಟಿಕೊಂಡಿತ್ತು. ಒಗೆಯುವ ಕಲ್ಲಿನ ಮೇಲೆ ಕೂತು, ಕಾಲು ಮುಂದೆ ಚಾಚಿ, ಆ ಚಪ್ಪಲಿಗಳನ್ನು ಬಹಳ ಹೊತ್ತು ನೋಡಿದಳು.

ಗುರುವಾರ ಕುಣಿಯುವ ಹಾಡು. ತೊಂಬತ್ತು ಕರೆ. ಶುಕ್ರವಾರ ಸಲಹೆಗಾರ ಎಲ್ಲರನ್ನೂ ಕೂರಿಸಿ, ಒಟ್ಟು ಮುನ್ನೂರ ಹನ್ನೆರಡು ಅಂತ ಮೇಜು ಕುಟ್ಟಿದ. ದಿನದಿಂದ ದಿನಕ್ಕೆ ಜನರ ಪ್ರೀತಿ ಉಕ್ಕಿದೆ, ಕುಣಿಯುವ ಹಾಡೇ ಗೆದ್ದಿದೆ, ಶನಿವಾರ ಜಾಹೀರಾತಿನವರ ಜೊತೆ ಯಜಮಾನರ ಫೋಟೋ ತೆಗೆಸೋಣ ಅಂದ.

"ಕರೆ ಬರೆದ ಪುಸ್ತಕ ನನ್ನ ಹತ್ರ ಇದೆ," ಅಂದಳು ರೆಕಾರ್ಡಮ್ಮ. "ಒಂದು ಸಲ ಓದ್ಲಾ ಸಾರ್?"

ಓದಿದಳು. ಕರಿ ಬನ್ನು, ಸಾಬೂನು ಒಣಗಿದ ನಾಲ್ಕು ಮುಖ, ಪೋಣಿಸದ ಸೂಜಿ. ಲೆಕ್ಕದ ಮೇಷ್ಟರು ಹಾಡಿನ ಸಂದಿಯಲ್ಲಿ ಮಾತ್ರ ಸೀನುವವರು, ಮೂರು ದಿನದ ಸೀನು ತಡೆದಿಟ್ಟುಕೊಂಡು ಗುರುವಾರ ತರಗತಿಯಲ್ಲಿ ಒಟ್ಟಿಗೆ ಸೀನಿದ್ದು. ಮುನ್ನೂರ ಹನ್ನೆರಡರಲ್ಲಿ ಹಾಡಿನ ಬಗ್ಗೆ ಮಾತಾಡಿದವರು ಒಬ್ಬರೇ, ಅದು ಯಜಮಾನರ ಹೆಂಡತಿ. ಜೇನುಗಂಟಲಿನ ಮುಖ ಸೋರಿಹೋದ ಬಲೂನಿನಂತಾಯಿತು.

ಸಲಹೆಗಾರ ಮಾತ್ರ ಜಗ್ಗಲಿಲ್ಲ. ಇಂಥವರ ಜಾತಿಯೇ ಹಾಗೆ, ಜಟ್ಟಿ ಬಿದ್ದರೂ ಮೀಸೆ ಮಣ್ಣಾಗುವುದಿಲ್ಲ. ಓಹೋ, ಜನಕ್ಕೆ ನಲವತ್ತು ಸೆಕೆಂಡು ಸುಮ್ಮನಿರುವುದು ಬೇಕೋ, ಅದೇನು ಮಹಾ, ನನ್ನ ಯಂತ್ರ ಅದನ್ನೂ ಕೊಡುತ್ತದೆ, ಹಾಡು ಹಾಡಿನ ನಡುವೆ ಖಾಲಿ ಟೇಪು ಅಂಟಿಸಿದರಾಯಿತು, ಅಂದ. ಅದು ಬರೀ ಖಾಲಿ ಅಲ್ಲ ಸಾರ್, ಜನ ಕೇಳುವುದು ಚಪ್ಪಲಿ ಸದ್ದು ಅಂತ ಅವಳು ಹೇಳಿದಾಗ ಯಜಮಾನರು ಹೊಟ್ಟೆ ಕುಲುಕಿಸಿ ನಕ್ಕರು.

"ಇನ್ಮೇಲೆ ಚಪ್ಪಲಿಗೂ ಸಂಬಳ ಕೊಡ್ಲೇನಮ್ಮ?"

ಶನಿವಾರ, ಅವಳ ಕೊನೆಯ ದಿನ, ಯಂತ್ರ ಹಾಡಿತು, ನಲವತ್ತು ಸೆಕೆಂಡು ಸತ್ತಂತೆ ಸುಮ್ಮನಾಯಿತು, ಮತ್ತೆ ಹಾಡಿತು. ಯಜಮಾನರ ಆಸೆಯಂತೆ ಫೋಟೋ ದಿನಕ್ಕೆ ಬ್ಯಾಂಡ್ ಸೆಟ್ಟೂ ನಡುನಡುವೆ ಸೇರಿತ್ತು. ಹನ್ನೊಂದು ಗಂಟೆಗೆ ಫೋನು ಬಂತು. ಕ್ಷೌರದಂಗಡಿಯವನು.

"ಅಮ್ಮಾ, ನನ್ನ ತಪ್ಪಿಲ್ಲ. ಅಂಗಡಿಯಲ್ಲಿದ್ದ ಆರು ಜನ ಸಾಕ್ಷಿ. ಹಾಡು ನಿಂತಿತು, ಮುಖಕ್ಕೆ ಕತ್ತಿ ಇಟ್ಟೆ. ಚಪ್ಪಲಿ ಹತ್ರ ಬರಲಿ ಕೈ ತೆಗೆಯೋಣ ಅಂತ ಕಾಯ್ತಾ ಇದ್ದೆ. ಚಪ್ಪಲಿ ಬರಲೇ ಇಲ್ಲ, ಝಣ್ ಅಂತ ತಾಳ ಬಂತು. ಕೈ ಹಾರಿಬಿಡ್ತು."

ಯಾರ ಮೇಲೆ ಹಾರಿತು ಅಂತ ಅವಳು ಕೇಳುವಷ್ಟರಲ್ಲಿ ಯಜಮಾನರೇ ಮೆಟ್ಟಿಲು ಹತ್ತಿ ಬಂದರು, ಮೂಗಿನ ಕೆಳಗೆ ಕರವಸ್ತ್ರ ಒತ್ತಿಕೊಂಡು. ಕರವಸ್ತ್ರ ತೆಗೆದಾಗ ಬಲಗಡೆ ಮೂವತ್ತು ವರ್ಷದ ಮೀಸೆ ಹಾಗೇ ಇತ್ತು. ಎಡಗಡೆ ಆಗತಾನೆ ಹುಟ್ಟಿದ ಮಗುವಿನ ಕೆನ್ನೆ. ಜೇನುಗಂಟಲು ಬಾಯಲ್ಲಿದ್ದ ಬಿಸ್ಕತ್ತನ್ನು ನೆನೆಸದೆಯೇ ನುಂಗಿ ಕೆಮ್ಮತೊಡಗಿದ.

"ಯಂತ್ರ ನಿಲ್ಲಿಸಿ," ಅಂದರು ಯಜಮಾನರು. "ಇವಳನ್ನು ನಡೆಸಿ."

ಹಳೆಯ ಯಂತ್ರದ ಮೇಲೆ ತಟ್ಟೆ ತಿರುಗಿತು. ಕೆಲಸ ಉಳಿಯಿತು ಅಂದುಕೊಂಡಳು ಅವಳು. ಅಷ್ಟರಲ್ಲಿ ಸಲಹೆಗಾರ ಯಜಮಾನರ ಕಿವಿಯ ಹತ್ತಿರ ಬಗ್ಗಿ, ಇನ್ನೂ ಒಳ್ಳೆಯದಾಯಿತು ಸಾರ್, ಇವತ್ತೊಂದು ದಿನ ನಡೆಯಲಿ, ನಾನು ಚಪ್ಪಲಿ ಸದ್ದನ್ನು ಟೇಪು ಮಾಡಿಕೊಳ್ಳುತ್ತೇನೆ, ಸೋಮವಾರದಿಂದ ಇವಳ ಅಗತ್ಯವೇ ಇಲ್ಲ, ಅಂದ. ಗುಟ್ಟು ಅಂದುಕೊಂಡು ಹೇಳಿದ್ದೇನೋ ನಿಜ. ಆದರೆ ಉಸಿರು ಬಿಗಿ ಹಿಡಿದ ಸ್ಟೇಷನ್ನಿನಲ್ಲಿ ಹನ್ನೊಂದು ವರ್ಷ ದುಡಿದವಳ ಕಿವಿ ಎಂಥದು ಅಂತ ಅವನಿಗೇನು ಗೊತ್ತು. ಯಜಮಾನರ ಅರ್ಧ ಮೀಸೆ ಒಪ್ಪಿಗೆಯಿಂದ ಅಲ್ಲಾಡಿದ್ದನ್ನೂ ಅವಳು ನೋಡಿದಳು.

ಸಲಹೆಗಾರ ಮೊಗಸಾಲೆಯ ಉದ್ದಕ್ಕೂ ತಂತಿ ಎಳೆದು, ಟೇಪು ಓಡಿಸಿ, ಮಂಡಿಯೂರಿ ಕೂತ. ಹಾಡು ಮುಗಿಯಿತು. ಮೈಕು ತೆರೆದುಕೊಂಡಿತು. ರೆಕಾರ್ಡಮ್ಮ ತಟ್ಟೆ ತೆಗೆದು ಕಂಕುಳಿಗೆ ಸೇರಿಸಿ, ಬಗ್ಗಿ, ಚಪ್ಪಲಿ ಬಿಚ್ಚಿ ಎರಡನ್ನೂ ಕೈಯಲ್ಲಿ ಹಿಡಿದಳು. ಬರಿಗಾಲಿನಲ್ಲಿ ಹದಿನೆಂಟು ಹೆಜ್ಜೆ ಹೋದಳು, ಬರೆದಳು, ಹದಿನೆಂಟು ಹೆಜ್ಜೆ ಬಂದಳು. ಇರುವೆ ನಡೆದರೆ ಅದಕ್ಕಿಂತ ಹೆಚ್ಚು ಸದ್ದಾಗುತ್ತಿತ್ತು.

ಹಾಡು ಶುರುವಾಗುವ ಮುಂಚೆಯೇ ಫೋನು ಬಡಿದುಕೊಂಡಿತು. ಇಟ್ಟರೆ ಮತ್ತೆ, ಇಟ್ಟರೆ ಮತ್ತೆ. ಹೆದರಿದ ಯಜಮಾನರು, ಬೇರೆ ಯಾರಾದರೂ ಆ ಚಪ್ಪಲಿ ಮೆಟ್ಟಿ ನಡೆಯಿರಿ ಅಂದರು. ಅವಳು ಚಪ್ಪಲಿಯನ್ನು ತಾನಾಗಿಯೇ ಮುಂದೆ ನೀಡಿದಳು. ಜೇನುಗಂಟಲು ಅರ್ಧ ಪಾದ ಮಾತ್ರ ತೂರಿಸಿಕೊಂಡು ಮುಂದಿನ ಸಂದಿಯಲ್ಲಿ ನಡೆದ. ಮೂರನೇ ಹೆಜ್ಜೆಗೆ ಫೋನು. ಎತ್ತಿದವರು ಯಜಮಾನರೇ. ಆ ಕಡೆ ಮೂಗು ಹಿಡಿದ ದನಿ.

"ಯಾರದು ಆನೆ ಮೇಯಿಸ್ತಿರೋದು? ನಮ್ಮ ಸೊಸೆ ಎಲ್ಲಿ?"

ಯಜಮಾನರು ಫೋನು ಇಟ್ಟು, ಕರವಸ್ತ್ರ ಮಡಚಿ, ಏನಮ್ಮ ನಿನಗೆ ಬೇಕಾಗಿರುವುದು ಅಂತ ಕೇಳಿದರು. ಹನ್ನೊಂದು ವರ್ಷದಲ್ಲಿ ಮೊದಲ ಸಲ ಕೇಳಿದ ಪ್ರಶ್ನೆ ಅದು.

"ಕಾಯಂ ಅಂತ ಒಂದು ಕಾಗದ," ಅಂದಳು. "ಸಹಿ ಹಾಕಿ, ಸೀಲು ಒತ್ತಿ ಕೊಡಿ. ಸಂಬಳ ಚಪ್ಪಲಿಗೆ ಬೇಡ ಸಾರ್, ಕಾಲಿಗೆ ಕೊಡಿ ಸಾಕು."

ಸಲಹೆಗಾರ ಇನ್ನೂ ಮಂಡಿಯೂರಿಯೇ ಇದ್ದ, ಅವನ ಟೇಪು ಏನೂ ಇಲ್ಲದ್ದನ್ನು ಶ್ರದ್ಧೆಯಿಂದ ಸುತ್ತಿಕೊಳ್ಳುತ್ತಿತ್ತು. ಯಜಮಾನರು ಟೈಪು ಮಾಡಿಸಲು ಕಾಯದೆ ಪೈಪಿನ ಕಾರ್ಖಾನೆಯ ಹಾಳೆಯ ಮೇಲೆ ಕೈಯಲ್ಲೇ ಬರೆದು ಸಹಿ ಹಾಕಿ ಸೀಲು ಒತ್ತಿದರು. ಅವಳು ಎರಡು ಸಲ ಓದಿದಳು. ಮಡಚಿ ರವಿಕೆಯೊಳಗೆ ಇಟ್ಟಳು. ಜೇನುಗಂಟಲಿನ ಕಾಲಿನಿಂದ ಚಪ್ಪಲಿ ಬಿಡಿಸಿಕೊಂಡು ಮೆಟ್ಟಿದಳು.

"ಅಲ್ಲಾ, ಹಾಗಾದ್ರೆ ಫಾರ್ಮ್ಯಾಟು ಯಾವುದು?" ಅಂತ ಸಲಹೆಗಾರ ನೆಲದಿಂದಲೇ ಕೇಳಿದ.

"ಅವಳನ್ನೇ ಕೇಳು," ಅಂದರು ಯಜಮಾನರು.

ಕೈಗೆ ಸಿಕ್ಕಿದ್ದು ಅಂದಳು ಅವಳು. ಅಳುವುದಾದ ಮೇಲೆ ಬ್ಯಾಂಡು, ಬ್ಯಾಂಡಿನ ಮೇಲೆ ಪ್ರೇಮ. ಹಾಡು ಯಾವುದಾದರೇನು, ಮುಗಿದರೆ ಸರಿ. ಹಾಗೆ ಹೇಳಿ ನಡೆದಳು, ಟಪ್-ಚರ್, ಟಪ್-ಚರ್. ನಾಚಿಕೊಳ್ಳದೆ ನಡೆದ ಮೊದಲ ನಡಿಗೆ. ಆ ಹೊತ್ತಿನಲ್ಲಿ ಬೇಕರಿಯಲ್ಲಿ ತಟ್ಟೆ ತಿರುಗಿತು, ಸೂಜಿಗೆ ದಾರ ಹೋಯಿತು, ಲೆಕ್ಕದ ಮೇಷ್ಟರು ಒಂದೇ ಒಂದು ಸೀನು ಸೀನಿ ಸುಖಪಟ್ಟರು. ಮುಂದಿನ ಸಂದಿಗೆ ಕ್ಷೌರದಂಗಡಿಯವನನ್ನು ಸ್ಟೇಷನ್ನಿಗೇ ಕರೆಸಿ ಯಜಮಾನರ ಇನ್ನರ್ಧ ಮೀಸೆಯನ್ನೂ ಸಮ ಮಾಡಿಸಿದರು. ಈ ಸಲ ಅವನ ಕೈ ಹಾರಲಿಲ್ಲ.

ಸಂಜೆ ಮನೆಗೆ ಬಂದು ಕಾಗದ ತೋರಿಸಿದಳು. ಮಾವ ಓದಿ ತಲೆದೂಗಿದರು. ಅತ್ತೆ ಕಾಗದದ ಕಡೆ ತಿರುಗಿಯೂ ನೋಡದೆ ಸೊಸೆಯನ್ನು ಹಿತ್ತಲಿಗೆ ಕರೆದರು.

"ಮಧ್ಯಾಹ್ನ ಪ್ರೇಮಗೀತೆ ಆದ್ಮೇಲೆ ಯಾಕಷ್ಟು ಬೇಗ ವಾಪಸು ಬಂದೆ?" ಅಂದರು. "ನಾನಿನ್ನೂ ನಿಮ್ಮಾವನ ಅಪ್ಪನ ವಿಷಯಕ್ಕೆ ಬಂದಿರಲಿಲ್ಲ. ಸೋಮವಾರದಿಂದ ನಿಧಾನ ನಡಿ."